ಎರಡು ತಿಂಗಳಲ್ಲಿ 15 ಕೆ.ಜಿ. ಇಳಿಸಬೇಕು, ದಾರಿ ಗೊತ್ತಿದ್ದವರು ಹೇಳಿ

ರೈಲ್‌ಪಾಸ್, ಮಂಡ್ಯ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 38 ವರ್ಷ. ಎತ್ತರ 158 ಸೆಂ.ಮೀ., ತೂಕ 81 ಕೆ.ಜಿ. ಎರಡು ಹೆರಿಗೆ ಆಗಿದೆ. ಥೈರಾಯ್ಡ್‌ಗೆ ದಿನಾ ಮಾತ್ರೆ ಇದೆ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಟ. ಸರಸ್ವತಿಪುರಂ ಕಡೆ ಆಫೀಸು, ದಿನವೆಲ್ಲ ಕುರ್ಚಿ.

ನಾದಿನಿ ಮದುವೆಗೆ ಇನ್ನು ಎರಡೇ ತಿಂಗಳು. ರೇಷ್ಮೆ ಸೀರೆಯ ಬ್ಲೌಸು ತೋಳಿನ ಅರ್ಧಕ್ಕೇ ನಿಂತುಬಿಡುತ್ತದೆ. ಪಕ್ಕದ ಬೀದಿಯಲ್ಲಿ ಒಬ್ಬರು ಶೇಕ್ ಪುಡಿ ಕೊಡುತ್ತಾರೆ. ಬೆಳಿಗ್ಗೆ ಅದು, ರಾತ್ರಿ ಅದು, ಮಧ್ಯಾಹ್ನ ಮಾತ್ರ ಊಟ. "ಎರಡು ತಿಂಗಳಿಗೆ 15 ಕೆ.ಜಿ. ಗ್ಯಾರಂಟಿ" ಅಂದರು. ತಿಂಗಳಿಗೆ ಏಳು ಸಾವಿರ. ಮುದ್ದೆ ತಿಂದರೆ ತಾನೇ ಇಳಿಯುತ್ತದೆ ಎಂದು ಅತ್ತೆ. ಅನ್ನ ಪೂರ್ತಿ ಬಿಡು ಎಂದು ಗೆಳತಿ. ಯಾರ ಮಾತು ಕೇಳಲಿ?

ಮದ್ದೂರ್‌ಗೌಡ
ನಿಮ್ಮತ್ತೆ ಹೇಳಿದ್ದೇ ಸರಿ ಕಣಕ್ಕ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ! ನಮ್ಮಪ್ಪ ಎಪ್ಪತ್ತೆರಡರಲ್ಲೂ ಹೊತ್ತಿಗೆ ಎರಡು ಮುದ್ದೆ ಇಳಿಸುತ್ತಾರೆ, ಹೊಟ್ಟೆ ಮಾತ್ರ ಹಲಗೆ ಇದ್ದ ಹಾಗಿದೆ. ಪುಡಿಗಿಡಿ ಎಲ್ಲ ಯಾಕೆ?

ಊಟದಡಬ್ಬಿ, ಕುವೆಂಪುನಗರ
ಪುಡಿ ಬೇಡ ಅನ್ನುವುದರಲ್ಲಿ ಗೌಡರ ಜೊತೆ ನಾನೂ ಇದ್ದೇನೆ. ಮುದ್ದೆ ವಿಷಯದಲ್ಲಿ ಮಾತ್ರ ಸ್ವಲ್ಪ ಜಗಳ ಇದೆ. ನಾನು ಡಯಟಿಷಿಯನ್. ಈ ಮುದ್ದೆ ಪ್ರಶ್ನೆ ಇಲ್ಲದೆ ನನ್ನ ಒಂದು ವಾರವೂ ಮುಗಿಯುವುದಿಲ್ಲ.

ಮೊದಲು ಆ ಗ್ಯಾರಂಟಿಯ ಲೆಕ್ಕ ನೋಡಿ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. 15 ಕೆ.ಜಿ.ಗೆ 1,15,500. ಅದನ್ನು 60 ದಿನಕ್ಕೆ ಹಂಚಿದರೆ ದಿನಕ್ಕೆ 1,900 ದಾಟುತ್ತದೆ. ನಿಮ್ಮ ವಯಸ್ಸು, ಎತ್ತರ, ತೂಕ, ಕೂತು ಮಾಡುವ ಕೆಲಸ ನೋಡಿದರೆ ಇಡೀ ದಿನಕ್ಕೆ ನಿಮ್ಮ ಮೈ ಖರ್ಚು ಮಾಡುವುದೇ ಹೆಚ್ಚುಕಡಿಮೆ 2,000. ಅಂದರೆ ಎರಡು ತಿಂಗಳು ಬರೀ ನೀರು ಕುಡಿದುಕೊಂಡು ಇರಬೇಕು. ಗ್ಯಾರಂಟಿ ಕೊಟ್ಟವರು ಈ ಲೆಕ್ಕ ಹಾಕಿದಂತೆ ಕಾಣಲಿಲ್ಲ.

"ಆದರೆ ಪಕ್ಕದ ಮನೆಯವರು ಒಂದೇ ವಾರಕ್ಕೆ 3 ಕೆ.ಜಿ. ಇಳಿದರಲ್ಲ" ಅಂತೀರಿ. ಇಳಿದಿರುತ್ತಾರೆ. ಅದರಲ್ಲಿ ಜಾಸ್ತಿ ಪಾಲು ನೀರು. ಅನ್ನ, ಹಿಟ್ಟು ಒಮ್ಮೆಲೇ ಕಡಿಮೆ ಮಾಡಿದಾಗ ಮೈ ಕೂಡಿಟ್ಟುಕೊಂಡಿದ್ದ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಖರ್ಚಾಗುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಎರಡು ದಿನ ಮಾಮೂಲಿ ಊಟ ಮಾಡಿದರೆ ಬಂದ ದಾರಿಯಲ್ಲೇ ವಾಪಸ್.

ಈಗ ಮುದ್ದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ವ್ಯತ್ಯಾಸ ಅಷ್ಟೇ ಸ್ವಾಮಿ. ರಾಗಿ ದೊಡ್ಡದಾಗುವುದು ನಾರಿನಲ್ಲಿ, ಕ್ಯಾಲ್ಸಿಯಂನಲ್ಲಿ. 100 ಗ್ರಾಮಿಗೆ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಹೊಟ್ಟೆಯೂ ಬೇಗ ಹಸಿಯುವುದಿಲ್ಲ. ಆದರೆ ನಮ್ಮ ಕಡೆ ಊಟ ಮುದ್ದೆಗೆ ಮುಗಿಯುತ್ತದಾ? ಮುದ್ದೆ ಆದಮೇಲೆ ಸಾರಿಗೆ "ಒಂದ್ ತುತ್ತು" ಅನ್ನ, ಆಮೇಲೆ ಮಜ್ಜಿಗೆಗೆ ಇನ್ನೊಂದ್ ತುತ್ತು. ಆ ತುತ್ತು ಸೌಟಿನ ಲೆಕ್ಕದಲ್ಲಿ ಬೀಳುತ್ತದೆ. ಗೌಡರ ಅಪ್ಪ ಗದ್ದೆಯಲ್ಲಿ ನಿಜವಾಗಿಯೂ ಬೆಟ್ಟ ಕೀಳುವವರು. ಅವರ ಗಾತ್ರದ ಮುದ್ದೆ ಕುರ್ಚಿಯಲ್ಲಿ ಕೂರುವ ನಮಗೆ ಯಾಕೆ?

ಆದ್ದರಿಂದ ಅನ್ನ ಬಿಡಬೇಕಾಗಿಲ್ಲ, ಮುದ್ದೆಯೂ ಬೇಡವೆನ್ನುವುದಿಲ್ಲ. ಒಂದು ಹೊತ್ತಿಗೆ ಒಂದು. ಚಿಕ್ಕ ಮುದ್ದೆ ಇದ್ದರೆ ಅನ್ನ ಇಲ್ಲ. ತಟ್ಟೆಯ ಅರ್ಧ ಸೊಪ್ಪು, ತರಕಾರಿ. ಬಸ್ಸಾರು ಮಾಡಿದ ದಿನ ಪಲ್ಯವನ್ನು ಬಟ್ಟಲಲ್ಲಿ ಹಾಕಿಕೊಳ್ಳಿ, ಎಲೆ ತುದಿಯಲ್ಲಲ್ಲ. ಹುರುಳಿ, ಅಲಸಂದೆ, ಹೆಸರು, ಅವರೆ ಯಾವುದಾದರೂ ಕಾಳು ದಿನಾ ಎರಡು ಹೊತ್ತು ಇರಲಿ. ಮೊಟ್ಟೆ, ಮೀನು, ಕೋಳಿ ತಿನ್ನುವವರಾದರೆ ಇನ್ನೂ ಸುಲಭ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ದಿನಕ್ಕೆ 500 ಕ್ಯಾಲೊರಿ ತಗ್ಗಿಸಿದರೆ ವಾರಕ್ಕೆ ಅರ್ಧ ಕೆ.ಜಿ. ಹತ್ತಿರ ಇಳಿಯುತ್ತದೆ. ಮದುವೆ ಹೊತ್ತಿಗೆ ಮೂರೂವರೆ, ನಾಲ್ಕು.

ರೈಲ್‌ಪಾಸ್
ನಾಲ್ಕೇ ಕೆ.ಜಿ.ಯಾ ಮೇಡಂ? 😔 ಬ್ಲೌಸ್ ಕಥೆ ಏನು?

ಪಾಂಡವಪುರದವಳು
ಅಕ್ಕಾ, ಬ್ಲೌಸಿನ ಒಳಗೆ ಎರಡು ಹೊಲಿಗೆ ಬಿಟ್ಟಿರುತ್ತಾರೆ, ಟೈಲರ್ ಹತ್ತಿರ ಬಿಚ್ಚಿಸಿ. ಮುಗಿಯಿತು. ನಾನು ಹಾಗೆ ಮಾಡದೆ ಕೆಟ್ಟವಳು.

ಎರಡು ವರ್ಷದ ಹಿಂದೆ ನನ್ನ ತಮ್ಮನ ಮದುವೆಗೆ ಮುಂಚೆ ವಾಟ್ಸಾಪ್‌ನಲ್ಲಿ ಒಬ್ಬರ ಹತ್ತಿರ "ಗಿಡಮೂಲಿಕೆ" ಕ್ಯಾಪ್ಸೂಲ್ ತರಿಸಿದೆ. ಬಿಳಿ ಡಬ್ಬಿ, ಮೇಲೆ ಒಂದು ಎಲೆ ಚಿತ್ರ, ಅಷ್ಟೇ. ಏನು ಹಾಕಿದ್ದಾರೆ ಎಂದು ಒಂದಕ್ಷರ ಇಲ್ಲ. ಹಸಿವೆಯೇ ಹೋಯಿತು, ಆರು ಕೆ.ಜಿ. ಇಳಿಯಿತು, ಊರೆಲ್ಲ ಹೇಳಿಕೊಂಡು ತಿರುಗಿದೆ. ಮೂರನೇ ವಾರದಿಂದ ರಾತ್ರಿ ನಿದ್ದೆ ಇಲ್ಲ, ಎದೆ ಡವಡವ. ಬಿ.ಪಿ. ನೋಡಿಸಿದರೆ 160/100. ಡಾಕ್ಟರು ಡಬ್ಬಿ ನೋಡಿ ಬೈದರು. ಬಿಟ್ಟೆ. ಮದುವೆ ಫೋಟೋದಲ್ಲಿ ಸಣ್ಣಗಿದ್ದೇನೆ, ನಿಜ. ಆಮೇಲೆ ಮೂರು ತಿಂಗಳು ಕೂದಲು ಬಾಚಣಿಗೆ ತುಂಬ ಬಂತು. ತೂಕ ಆರರ ಜಾಗದಲ್ಲಿ ಎಂಟು ಬಂತು. ಆ ನಂಬರಿಗೆ ಈಗ ಫೋನೂ ಹೋಗುವುದಿಲ್ಲ.

ಸ್ಟೆತಸ್ಕೋಪು
ನಾನು ಮೈಸೂರಿನಲ್ಲಿ ಪ್ರಾಕ್ಟೀಸ್ ಮಾಡುವ ವೈದ್ಯ. ಈ ಕಥೆ ನನಗೆ ಹೊಸದಲ್ಲ. ಹಿಂದೆ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಮಾತ್ರೆ ಇತ್ತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿಯಾಗುತ್ತದೆ ಎಂದು ಗೊತ್ತಾಗಿ 2011ರಲ್ಲಿ ನಮ್ಮ ದೇಶದಲ್ಲೂ ನಿಷೇಧ ಮಾಡಿದರು. ಆದರೆ "ಹರ್ಬಲ್" ಎಂದು ಮಾರುವ ಸರಕಿನಲ್ಲಿ ಅದನ್ನು ಕದ್ದು ಬೆರೆಸಿದ್ದು ಹಲವು ದೇಶಗಳ ತಪಾಸಣೆಯಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಹಸಿವೆ ಸಾಯುವುದು, ನಿದ್ದೆ ಕೆಡುವುದು, ಬಿ.ಪಿ. ಏರುವುದು ಅದರ ಗುಣ. ಹೊಟ್ಟೆ ಕರಗಿಸುವ ಟೀ ಪುಡಿಗಳ ಕಥೆ ಬೇರೆ. ಅವುಗಳಲ್ಲಿ ಹಲವಕ್ಕೆ ಸೋನಾಮುಖಿ ಹಾಕಿರುತ್ತಾರೆ. ಅದು ಭೇದಿ ಔಷಧಿ. ನೀರು ಹೋಗುತ್ತದೆ, ಪೊಟ್ಯಾಸಿಯಂ ಹೋಗುತ್ತದೆ, ಕೊಬ್ಬು ಇದ್ದಲ್ಲೇ ಇರುತ್ತದೆ.

ಇನ್ನು ತಂಗಿ ಥೈರಾಯ್ಡ್ ಬಗ್ಗೆ. "ಥೈರಾಯ್ಡ್ ಇರೋರಿಗೆ ಇಳಿಯಲ್ಲ" ಎಂಬ ಮಾತು ಅರ್ಧ ಸತ್ಯ. ಮಾತ್ರೆ ಸರಿಯಿಲ್ಲದಿದ್ದರೆ ಕೆಲವು ಕೆ.ಜಿ. ಸೇರುತ್ತದೆ, ಅದರಲ್ಲೂ ಉಪ್ಪು, ನೀರಿನ ಪಾಲೇ ಜಾಸ್ತಿ. ಇಪ್ಪತ್ತು ಕೆ.ಜಿ.ಯನ್ನು ಅದರ ತಲೆಗೆ ಕಟ್ಟಲು ಆಗುವುದಿಲ್ಲ. ಟಿ.ಎಸ್.ಎಚ್. ಎಂಬ ರಕ್ತ ಪರೀಕ್ಷೆ ಒಮ್ಮೆ ಮಾಡಿಸಿ, ಅದು ಜಾಸ್ತಿ ಇದ್ದರೆ ಮಾತ್ರೆ ಸಾಲುತ್ತಿಲ್ಲ ಎಂದರ್ಥ. ಮಾತ್ರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ ಮುಟ್ಟಬೇಡಿ. ರೈಲು ಹಿಡಿಯುವ ಅವಸರದಲ್ಲಿ ಎರಡನ್ನೂ ಒಟ್ಟಿಗೆ ಇಳಿಸುತ್ತಿದ್ದೀರಿ ಅನ್ನಿಸುತ್ತಿದೆ. ಅದರ ಜೊತೆ ಸಕ್ಕರೆ, ಕೊಲೆಸ್ಟರಾಲ್, ಬಿ.ಪಿ. ಕೂಡ ನೋಡಿಸಿ.

ನಾಲ್ಕು ಕೆ.ಜಿ. ಎಂದು ಬೇಜಾರಾಗಬೇಡಿ. ನಿಮ್ಮ ತೂಕದ ನೂರಕ್ಕೆ ಐದು ಪಾಲು ಅದು. ಬಿ.ಪಿ., ಸಕ್ಕರೆ, ಲಿವರಿನ ಕೊಬ್ಬು ಸುಧಾರಿಸುವುದು ಅಲ್ಲಿಂದಲೇ ಶುರು. ವಾರಕ್ಕೆ ಒಂದು ಕೆ.ಜಿ.ಗಿಂತ ಜೋರಾಗಿ ತಿಂಗಳುಗಟ್ಟಲೆ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲು ನೋಡುತ್ತೇವೆ. ಮೇಲಿನ ತಂಗಿಗೆ ಆದಂತೆ ಎರಡು ಮೂರು ತಿಂಗಳ ನಂತರ ಕೂದಲೂ ಉದುರುತ್ತದೆ.

ರೈಲ್‌ಪಾಸ್
ಹೌದು ಡಾಕ್ಟ್ರೇ, ಮಾತ್ರೆ ನುಂಗುವುದೇ ಕಾಫಿಯಲ್ಲಿ 🙈 ಯಾರೂ ಹೇಳಿರಲಿಲ್ಲ.

ಒಂಟಿಕೊಪ್ಪಲ್ ಹುಡುಗ
ಅಕ್ಕಾ, ದಿನಾ 16 ಗಂಟೆ ಉಪವಾಸ ಮಾಡಿ, ಭಾನುವಾರ ಚಾಮುಂಡಿ ಬೆಟ್ಟ ಹತ್ತಿ. ಸಾವಿರ ಮೆಟ್ಟಿಲು. ನಾನು ಮೂರು ತಿಂಗಳಲ್ಲಿ 11 ಕೆ.ಜಿ. ಕಳೆದೆ. ಸಿಂಪಲ್.

ಕೆರೆಏರಿ, ಮೈಸೂರು
ಮಗಾ, ನಿನಗೆ ಎಷ್ಟು ವರ್ಷ? ಇಪ್ಪತ್ನಾಲ್ಕು ಇರಬಹುದು. ಈ ಉಪವಾಸದ ಮಾತು ಯಾರ್‍ಯಾರು ಓದುತ್ತಾರೋ ಎಂದು ನನ್ನದು ಬರೆಯುತ್ತೇನೆ.

ನನಗೆ 61. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನಾನೂ ಉಪವಾಸ ಶುರು ಮಾಡಿದೆ. ಬೆಳಿಗ್ಗೆ ಮಾತ್ರೆ ನುಂಗಿದೆ, ತಿಂಡಿ ಬಿಟ್ಟೆ, ಕುಕ್ಕರಹಳ್ಳಿ ಕೆರೆಗೆ ಹೋದೆ. ಅರ್ಧ ಸುತ್ತು ಆಗಿಲ್ಲ, ಕೈ ನಡುಕ, ತಣ್ಣನೆ ಬೆವರು, ಎದುರಿಗೆ ಬರುವವರು ಇಬ್ಬಿಬ್ಬರಾಗಿ ಕಂಡರು. ಕಲ್ಲು ಬೆಂಚಿನ ಮೇಲೆ ಕುಸಿದೆ. ಪುಣ್ಯಕ್ಕೆ ದಿನಾ ಬರುವ ಒಬ್ಬ ನರ್ಸಮ್ಮ ನೋಡಿದರು. "ಸಾರ್, ಶುಗರ್ ಮಾತ್ರೆ ತಗೊಂಡಿದ್ದೀರಾ?" ಅಂತ ಒಂದೇ ಪ್ರಶ್ನೆ. ಯಾರದೋ ಹತ್ತಿರ ಗ್ಲೂಕೋಸ್ ಪುಡಿ ಇಸಿದುಕೊಂಡು ನೀರಿಗೆ ಹಾಕಿ ಕುಡಿಸಿದರು. ಹತ್ತು ನಿಮಿಷದಲ್ಲಿ ಮನುಷ್ಯನಾದೆ. ಆ ದಿನದಿಂದ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಲ್ಲದೆ ಮನೆಯವಳು ಹೊಸಿಲು ದಾಟಲು ಬಿಡುವುದಿಲ್ಲ.

ಸ್ಟೆತಸ್ಕೋಪು
ಇದನ್ನು ಎಲ್ಲರೂ ಎರಡು ಸಲ ಓದಿ. ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ತೀರಾ ಕುಸಿಯುತ್ತದೆ, ಇವರಿಗೆ ಆದದ್ದು ಅದೇ. ಇನ್ಸುಲಿನ್ ಇದ್ದವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಮಾತ್ರೆ ಇದ್ದವರು ಊಟ ತಪ್ಪಿಸುವ ಮುಂಚೆ ತಮ್ಮ ವೈದ್ಯರನ್ನು ಕೇಳಲೇಬೇಕು. ತೂಕ ಇಳಿದಂತೆ ಈ ಮಾತ್ರೆಗಳನ್ನೂ, ಬಿ.ಪಿ. ಮಾತ್ರೆಗಳನ್ನೂ ಕಡಿಮೆ ಮಾಡಬೇಕಾಗಬಹುದು. ಬಸುರಿಯರು, ಹಾಲುಣಿಸುವವರು, ಊಟದ ವಿಷಯದಲ್ಲಿ ಹಿಂದೆ ಮನಸ್ಸು ಕೆಟ್ಟು ಉಪವಾಸ ಬಿದ್ದವರು ಈ ಆಟಕ್ಕೇ ಬರಬಾರದು. ಉಳಿದವರಿಗೆ ಅದು ಪವಾಡವೂ ಅಲ್ಲ. ಬೇಗ ಉಂಡು ಮಲಗಿದರೆ ರಾತ್ರಿ ಹತ್ತರ ಕುರುಕು ತಪ್ಪುತ್ತದೆ, ಲಾಭ ಅಲ್ಲಿಂದಲೇ ಬರುವುದು.

ಒಂಟಿಕೊಪ್ಪಲ್ ಹುಡುಗ
ಸಾರಿ ಅಂಕಲ್, ಅಷ್ಟು ಯೋಚನೆ ಮಾಡಿರಲಿಲ್ಲ. ಬೆಟ್ಟನಾದ್ರೂ ಹತ್ತಬಹುದಲ್ವಾ?

ಕೆರೆಏರಿ, ಮೈಸೂರು
ಹತ್ತಲಿ ಮಗಾ, ಇಳಿಯುವುದೇ ಕಷ್ಟ. ಮಂಡಿಗೆ ಏಟು ಬೀಳುವುದು ಇಳಿಯುವಾಗ. ಮೊದಲು ದಾರಿಯಲ್ಲಿ ಸಿಗುವ ನಂದಿ ವಿಗ್ರಹದವರೆಗೆ ಹತ್ತಲಿ. ಪೂರ್ತಿ ಹತ್ತುವ ದಿನ ವಾಪಸ್ ಬರುವಾಗ ಸಿಟಿ ಬಸ್ಸು ಹಿಡಿಯಲಿ. ದೊಡ್ಡ ದೇವರಾಜ ಒಡೆಯರು ಮೆಟ್ಟಿಲು ಕಟ್ಟಿಸಿದಾಗ ಬಸ್ಸು ಇರಲಿಲ್ಲ, ಈಗ ಇದೆ.

ಅದಕ್ಕಿಂತ ಹತ್ತಿರದ ದಾರಿ ಒಂದಿದೆಯಮ್ಮ. ರೈಲ್ವೆ ಸ್ಟೇಷನ್ನಿನಿಂದ ಆಫೀಸಿಗೆ ಆಟೋ ಹಿಡಿಯುತ್ತೀಯಲ್ಲ, ಬಿಡು. ಸರಸ್ವತಿಪುರಂಗೆ ಬಿರುಸಾಗಿ ನಡೆದರೆ 20-25 ನಿಮಿಷ. ಹೋಗುತ್ತಾ ಬರುತ್ತಾ ಐದು ದಿನಕ್ಕೆ 200 ನಿಮಿಷ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಅನ್ನುತ್ತದೆ. ಬೇರೆ ಹೊತ್ತು ಹುಡುಕಬೇಕಾಗಿಲ್ಲ, ಆಟೋ ದುಡ್ಡೂ ಉಳಿಯುತ್ತದೆ.

ಊಟದಡಬ್ಬಿ, ಕುವೆಂಪುನಗರ
ಇದು ಕೆಲಸ ಮಾಡುತ್ತದೆ. ಸಮಯ ಇಲ್ಲದವರಿಗೆ ವಾಕಿಂಗ್ ಎಂದು ಬೇರೆ ಹೊತ್ತು ಇಟ್ಟರೆ ಎರಡನೇ ವಾರಕ್ಕೆ ನಿಂತುಹೋಗುತ್ತದೆ. ವಾರಕ್ಕೆ ಎರಡು ದಿನ ಬಲದ ವ್ಯಾಯಾಮವೂ ಇರಲಿ. ಜಿಮ್ಮೇ ಬೇಕಾಗಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಬಾಟಲಿ ಎತ್ತುವುದು. ಮಾಂಸಖಂಡ ಉಳಿಯುವುದು ಇದರಿಂದ.

ಇನ್ನೊಂದು, ಅಡಿಗೆ ಎಣ್ಣೆ. ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಲೀಟರ್?

ರೈಲ್‌ಪಾಸ್
ಮಕ್ಕಳು, ಅತ್ತೆ ಸೇರಿ ಐದು ಜನ. ಲೆಕ್ಕ ಇಟ್ಟಿಲ್ಲ, ಐದೂವರೆ ಆರು ಲೀಟರ್ ಆಗಬಹುದು.

ಊಟದಡಬ್ಬಿ, ಕುವೆಂಪುನಗರ
ಅದೇ ನೋಡಿ. ಒಂದು ಲೀಟರ್ ಎಣ್ಣೆ ಅಂದರೆ 8,000 ಕ್ಯಾಲೊರಿ ಮೇಲೆ. ಆರರಿಂದ ಮೂರಕ್ಕೆ ಇಳಿಸಿದರೆ ತಲೆಗೆ ದಿನಕ್ಕೆ 160 ಕ್ಯಾಲೊರಿಗೂ ಜಾಸ್ತಿ ಉಳಿಯುತ್ತದೆ. ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗದೆ! ಪ್ಯಾಕೆಟ್ ಕತ್ತರಿಸಿದ ತಾರೀಖನ್ನು ಅದರ ಮೇಲೆಯೇ ಬರೆಯಿರಿ, ಒಗ್ಗರಣೆಗೆ ಚಮಚ ಇಡಿ. ಇನ್ನು ಕಾಫಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ, ಅಂದರೆ 160 ಕ್ಯಾಲೊರಿ. ಹಾಲಿನದು ಬೇರೆ.

ಮದ್ದೂರ್‌ಗೌಡ
ಸಕ್ಕರೆ ಬದಲು ಬೆಲ್ಲ ಹಾಕಿಕೊಳ್ಳಲಿ ಮೇಡಂ, ನಮ್ಮ ಆಲೆಮನೆ ಬೆಲ್ಲ, ಕೆಮಿಕಲ್ ಇಲ್ಲ.

ಊಟದಡಬ್ಬಿ, ಕುವೆಂಪುನಗರ
ಗೌಡ್ರೇ, 100 ಗ್ರಾಂ ಸಕ್ಕರೆ 400, 100 ಗ್ರಾಂ ಬೆಲ್ಲ 380ರ ಆಸುಪಾಸು. ಬೆಲ್ಲ ರುಚಿಗೆ, ತೂಕಕ್ಕಲ್ಲ. ನಿಂಬೆ-ಜೇನುತುಪ್ಪದ ನೀರಿಗೂ ಇದೇ ಉತ್ತರ.

ಮದ್ದೂರ್‌ಗೌಡ
ಕಬ್ಬು ಬೆಳೆಯುವ ಜಿಲ್ಲೆಯಲ್ಲಿ ಕೂತು ಏನು ಮಾತಾಡ್ತೀರಿ ಮೇಡಂ 😄 ಇನ್ನು ರೈಲಿನಲ್ಲಿ ಬರುವ ವಡೆ ಬುಟ್ಟಿ ಬಗ್ಗೆ ಏನಾದರೂ ಅಂದರೆ ನಾನು ಈ ಗುಂಪೇ ಬಿಟ್ಟು ಹೋಗ್ತೀನಿ.

ಊಟದಡಬ್ಬಿ, ಕುವೆಂಪುನಗರ
ವಾರಕ್ಕೊಂದು ತಿನ್ನಲಿ. ಕೂತು, ಪೂರ್ತಿ ರುಚಿ ನೋಡಿ ತಿನ್ನಲಿ.

ಹಳೇಮೇಷ್ಟ್ರು
ನನ್ನದೊಂದು ಅಡ್ಡಮಾತು. ನನಗೆ ತೂಕ 64 ಕೆ.ಜಿ. ಮಾತ್ರ, ಕೈಕಾಲು ಕಡ್ಡಿ, ಆದರೂ ಹೊಟ್ಟೆ ಮುಂದೆ, ಸಕ್ಕರೆ ಕಾಯಿಲೆ 48ನೇ ವಯಸ್ಸಿಗೇ ಬಂತು. "ದಪ್ಪ ಇಲ್ವಲ್ಲ ಸಾರ್, ನಿಮಗೆ ಹೇಗೆ?" ಎಂದು ಎಲ್ಲರೂ ಕೇಳುತ್ತಿದ್ದರು. ಇದರ ಒಂದು ಎಳೆ ನಮ್ಮ ಮೈಸೂರಲ್ಲೇ ಸಿಕ್ಕಿದೆ ಎಂದು ಆಮೇಲೆ ತಿಳಿಯಿತು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಎಲ್ಲ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸಿನವರಾದ ಮೇಲೆ ಸಂಶೋಧಕರು ಅವರನ್ನು ಮನೆಮನೆ ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಕಡಿಮೆ ತೂಕ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮವ್ವನ ಕಾಲದಲ್ಲಿ ಬಸುರಿಗೆ ಹೊಟ್ಟೆತುಂಬ ಊಟ ಎಲ್ಲಿತ್ತು?

ಸ್ಟೆತಸ್ಕೋಪು
ಮೇಷ್ಟ್ರು ಒಳ್ಳೆಯ ಮಾತು ತೆಗೆದರು. ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮ ಮೈಯಲ್ಲಿ ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಒಳಗೆ. ಅದಕ್ಕೇ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಅಂಕಿ) ಗೆರೆ ನಮಗೆ ಕೆಳಗಿದೆ. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ತಂಗಿಯದು 32ರ ಮೇಲೆ. ತೂಕದ ಯಂತ್ರಕ್ಕಿಂತ ಟೈಲರ್ ಟೇಪು ವಾಸಿ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಬಾರದು.

ಪಾಂಡವಪುರದವಳು
ಡಾಕ್ಟ್ರೇ, ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತಲ್ಲ? ನಮ್ಮ ಆಫೀಸಿನಲ್ಲಿ ಒಬ್ಬರು ಮೌಂಜಾರೋ ತಗೊಂಡು ಗುರುತೇ ಸಿಗದ ಹಾಗೆ ಆಗಿದ್ದಾರೆ.

ಸ್ಟೆತಸ್ಕೋಪು
ಬಂದಿದೆ. ಮೌಂಜಾರೋ ಒಳಗಿರುವ ಔಷಧಿ ಟಿರ್ಜೆಪಟೈಡ್, ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಬಂತು. ಸೆಮಾಗ್ಲುಟೈಡ್ ಅದೇ ಸಾಲಿನ ಇನ್ನೊಂದು. ವಾಟ್ಸಾಪ್ ಕ್ಯಾಪ್ಸೂಲಿನ ಹಾಗಲ್ಲ, ಇವು ನಿಜವಾದ ಔಷಧಿಗಳು. ಟಿರ್ಜೆಪಟೈಡ್‌ನ ದೊಡ್ಡ ಪ್ರಯೋಗದಲ್ಲಿ 72 ವಾರಗಳಲ್ಲಿ ಡೋಸಿನ ಮೇಲೆ ಸರಾಸರಿ ಶೇ. 15ರಿಂದ 20ರಷ್ಟು ತೂಕ ಇಳಿದಿದೆ. ಬಿ.ಎಂ.ಐ. 30 ದಾಟಿದವರಿಗೆ, ಅಥವಾ 27 ದಾಟಿ ಬಿ.ಪಿ., ಸಕ್ಕರೆ ಇದ್ದವರಿಗೆ ಕೊಡುತ್ತೇವೆ. ವಾಕರಿಕೆ, ವಾಂತಿ, ಮಲಬದ್ಧತೆ ಮಾಮೂಲು. ಮನೆತನದಲ್ಲಿ ಮೆಡುಲ್ಲರಿ ಎಂಬ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ, ಬಸುರಿಯರಿಗೆ ಬೇಡ. ಮುಖ್ಯ ಮಾತು ಇದು: ನಿಲ್ಲಿಸಿದವರಲ್ಲಿ ಇಳಿದ ತೂಕದ ಅರ್ಧಕ್ಕಿಂತ ಜಾಸ್ತಿ ಒಂದು ವರ್ಷದಲ್ಲಿ ವಾಪಸ್ ಬಂದಿದೆ. ಬಿ.ಪಿ. ಮಾತ್ರೆಯ ಹಾಗೆ ದೀರ್ಘಕಾಲದ ಮದ್ದು ಅದು, ಮದುವೆಗೆ ಮುಂಚಿನ ಫೇಶಿಯಲ್ ಅಲ್ಲ. ವೈದ್ಯರ ಚೀಟಿ ಇಲ್ಲದೆ ಯಾರ ಹತ್ತಿರವೂ ಕೊಳ್ಳಬೇಡಿ.

ರೈಲ್‌ಪಾಸ್
ಎಲ್ಲರಿಗೂ ಥ್ಯಾಂಕ್ಸ್. ಪುಡಿಯವರಿಗೆ ಬೇಡ ಅಂದೆ. ಮುಖ ಸಿಂಡರಿಸಿದರು, ಇರಲಿ. ನಾಳೆಯಿಂದ ಆಟೋ ಬಂದ್.

ರೈಲ್‌ಪಾಸ್ (ಹತ್ತು ವಾರದ ನಂತರ)
ಮದುವೆ ಮುಗಿಯಿತು! ಹೇಳಿಹೋಗೋಣ ಎಂದು ಬಂದೆ.

ಮದುವೆ ಹಿಂದಿನ ದಿನ 77.2. ಸೊಂಟ 98ರಿಂದ 93. ಬ್ಲೌಸಿಗೆ ಒಂದು ಹೊಲಿಗೆ ಬಿಚ್ಚಿಸಿದೆ, ಎರಡು ಬೇಕಾಗಲಿಲ್ಲ. ಟಿ.ಎಸ್.ಎಚ್. ಜಾಸ್ತಿ ಇತ್ತು. ಕಾಫಿ-ಮಾತ್ರೆ ದೂರ ಮಾಡಿ ಆರು ವಾರಕ್ಕೆ ನೋಡಿಸಿದರೆ ಸರಿಯಾಗಿದೆ, ಡೋಸ್ ಬದಲಾಯಿಸಲಿಲ್ಲ.

ಎಲ್ಲ ಸಲೀಸಾಗಿ ಆಯಿತು ಅಂತಲ್ಲ. ಐದನೇ ವಾರ ಮಳೆ, ಆಟೋ ಹತ್ತಿದೆ. ಆರು, ಏಳನೇ ವಾರ ಮುಳ್ಳು ಒಂಚೂರೂ ಅಲುಗಲಿಲ್ಲ. ಅತ್ತುಬಿಟ್ಟೆ. ಅತ್ತೆಗೆ ಎಣ್ಣೆ ವಿಷಯ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಆಮೇಲೆ ಅವರೇ ಪ್ಯಾಕೆಟ್ ಮೇಲೆ ತಾರೀಖು ಬರೆಯಲು ಶುರು ಮಾಡಿದರು, ಈಗ ನನಗಿಂತ ಜೋರು. ಬೀಗರ ಊಟದಲ್ಲಿ ಮಾತ್ರ ತಡೆಯಲಿಲ್ಲ. ನಾಟಿ ಕೋಳಿ, ಮಟನ್, ಮುದ್ದೆ, ಅನ್ನ, ಎಲ್ಲ. ಮಾರನೇ ದಿನ 78.9!

ಊಟದಡಬ್ಬಿ, ಕುವೆಂಪುನಗರ
ಶಭಾಷ್! ಆ 1.7 ಕೊಬ್ಬಲ್ಲ ಬಿಡಿ. ಒಂದು ದಿನದಲ್ಲಿ ಅಷ್ಟು ಕೊಬ್ಬು ಸೇರಲು ಹದಿಮೂರು ಸಾವಿರ ಕ್ಯಾಲೊರಿ ಜಾಸ್ತಿ ತಿನ್ನಬೇಕು, ಬೀಗರ ಊಟದಲ್ಲೂ ಅದು ಆಗುವುದಿಲ್ಲ. ಉಪ್ಪು, ನೀರು, ಹೊಟ್ಟೆಯಲ್ಲಿರುವ ಊಟ. ಮುಟ್ಟಿನ ಹಿಂದಿನ ದಿನಗಳಲ್ಲೂ ಹೀಗೇ. ನಾಲ್ಕು ದಿನ ತೂಕ ನೋಡಬೇಡಿ. ಮುಳ್ಳು ನಿಂತ ಎರಡು ವಾರವೂ ಎಲ್ಲರಿಗೂ ಬರುತ್ತದೆ. ಮೈ ಚಿಕ್ಕದಾದಂತೆ ಅದರ ಖರ್ಚೂ ಚಿಕ್ಕದಾಗುತ್ತದೆ.

ರೈಲ್‌ಪಾಸ್
ಇವತ್ತು ಐದನೇ ದಿನ, 77.4. ಇನ್ನು ಮುಂದೆ ಮದುವೆ ಇಲ್ಲ, ಗಡುವೂ ಇಲ್ಲ. ದಸರಾ ಹೊತ್ತಿಗೆ 74 ಆದರೆ ಸಾಕು. ಅಂಕಲ್, ಬೆಟ್ಟಕ್ಕೆ ಈ ಭಾನುವಾರ ಬರಲಾ? ಅತ್ತೆಯೂ ಬರ್ತಾರಂತೆ.

ಕೆರೆಏರಿ, ಮೈಸೂರು
ಬಾಮ್ಮ. ಆರು ಗಂಟೆಗೆ ಪಾದದ ಹತ್ತಿರ ಇರ್ತೀನಿ, ಮನೆಯವಳೂ ಬರ್ತಾಳೆ. ಅತ್ತೆಯವರನ್ನು ಬೆಟ್ಟದ ಮೇಲಕ್ಕೆ ಬಸ್ಸಿನಲ್ಲಿ ಕಳಿಸೋಣ.

ಮದ್ದೂರ್‌ಗೌಡ
ವಡೆ ಯಾರು ತರೋದು?